ಪೂಜೆಗಿಟ್ಟ ಪ್ಲೇಯರ್

ಆಯುಧಪೂಜೆಯ ಬೆಳಿಗ್ಗೆ ಅಲ್ಲಾಳಸಂದ್ರದ ಮನೆಯಲ್ಲಿ ರಘುನಾಥ ಮಂಚದ ಮೇಲೆ ಎರಡು ಸಾಮಾನುಗಳನ್ನು ಪಕ್ಕಪಕ್ಕ ಇಟ್ಟುಕೊಂಡು, ಹೆಣ್ಣು ನೋಡಲು ಹೋದಾಗಲೂ ಇಲ್ಲದ ಗಾಂಭೀರ್ಯದಿಂದ ನೋಡುತ್ತಿದ್ದ. ಹೆಣ್ಣು ಆಗಲೇ ಗೊತ್ತಾಗಿತ್ತು: ಶೆಟ್ಟಿಹಳ್ಳಿಯಲ್ಲಿ ಲೇತ್ ಮಿಷನ್ ಇಟ್ಟುಕೊಂಡಿರುವ ಮುನಿಆಂಜಿನಪ್ಪನವರ ಮಗಳು ರಾಣಿ. ತಾಂಬೂಲ ಬದಲಾಯಿಸುವುದೊಂದು ಬಾಕಿ. ಅಷ್ಟರಲ್ಲಿ ಭಾವಿ ಮಾವನವರಿಂದ ಫೋನು ಬಂದಿತ್ತು. "ಅಬ್ಬಕ್ಕೆ ನಮ್ಮನೆಗೆ ಬಂದ್ಬುಡಿ. ಬರೋವಾಗ ನಿಮ್ ಕಸುಬಿನ ಸಾಮಾನು ತಗೊಂಬನ್ನಿ. ನಮ್ಮನೇಲಿ ಎಲ್ರುದೂ ಒಟ್ಟಿಗೇ ಪೂಜೆ."

ಮಂಚದ ಮೇಲಿದ್ದ ಮೊದಲನೆಯದು ಕಸುಬಿನ ಸಾಮಾನೇ. ಆರ್.ಟಿ. ನಗರದ ಗಲ್ಲಿಗಳಲ್ಲಿ ಮನೆಮನೆಗೆ ಹೋಗಿ, ಕರೆಂಟು ಮೀಟರು ಓದಿ, ನಿಂತಲ್ಲೇ ಬಿಲ್ಲು ಹರಿದುಕೊಡುವ ಯಂತ್ರ. ಇಟ್ಟಿಗೆಯಷ್ಟು ದಪ್ಪ, ಬೂದು ಬಣ್ಣ, ಗುಂಡಿಗಳ ಮೇಲಿನ ಅಂಕಿಗಳೆಲ್ಲ ಹೆಬ್ಬೆರಳಿಗೆ ಸವೆದುಹೋಗಿದ್ದವು. ಕೆಲಸಕ್ಕೆ ಸೇರಿದಾಗ ತರಬೇತಿ ಕೊಟ್ಟವರು ಅದನ್ನು 'ಅಂಗೈ ಕಂಪ್ಯೂಟರ್' ಎಂದಿದ್ದರು. ಆ ಒಂದು ಮಾತನ್ನು ಹಿಡಿದುಕೊಂಡು ರಘುನಾಥ ಹೆಣ್ಣಿನ ಕಡೆಯವರಿಗೆ 'ಕಂಪ್ಯೂಟರ್ ಲೈನ್' ಎಂದು ಹೇಳಿಸಿದ್ದ. ಸುಳ್ಳು ಎನ್ನುವಂತಿರಲಿಲ್ಲ. ನಿಜ ಎನ್ನಲು ಅವನ ನಾಲಗೆಯೇ ಒಪ್ಪುತ್ತಿರಲಿಲ್ಲ.

ಎರಡನೆಯದು ಹೊಸ ಮೀಡಿಯಾ ಪ್ಲೇಯರ್. ಮುಂದೆಲ್ಲ ಗಾಜು, ಹಿಂದೆ ಕ್ರಾಪು ತಿದ್ದಿಕೊಳ್ಳಬಹುದಾದಷ್ಟು ಹೊಳಪು. ಹೆಬ್ಬಾಳದ ಜಾಮಿನಲ್ಲಿ ಬಸ್ಸು ನಿಂತಾಗ ಅದರಲ್ಲಿ ಸಿನಿಮಾ ನೋಡುತ್ತ ಕೂತರೆ ಪಕ್ಕದವರು ಕತ್ತು ಉದ್ದ ಮಾಡುತ್ತಿದ್ದರು. ಆ ಕತ್ತುಗಳಿಗಾಗಿಯೇ ಅದನ್ನು ಕೊಂಡಿದ್ದ ಎಂದರೂ ತಪ್ಪಲ್ಲ. ಬಿಲ್ಲಿನ ಯಂತ್ರ ಹಿಡಿದು ಬಸ್ಸು ಹತ್ತಿದರೆ ಜನ ಹೆಬ್ಬಾಳಕ್ಕೆ ಎರಡು ಟಿಕೆಟ್ ಕೇಳುತ್ತಿದ್ದರು.

"ಇನ್ನೂ ಏನ್ಲಾ ನೋಡ್ತಾ ಕುಂತಿದ್ದೀಯ? ಆ ಬಿಲ್ಲಿಂದು ತಗೊಂಡೋಗು" ಎಂದಳು ತಾಯಿ ಮುನಿಕೆಂಪಮ್ಮ. "ಅನ್ನ ಆಕ್ತಿರೋದು ಅದು."

"ಅದು ಆಫೀಸಿಂದು ಕಣಮ್ಮ. ಹಬ್ಬದ ದಿನ ಎತ್ಕೊಂಡು ತಿರುಗಂಗಿಲ್ಲ."

"ದಿನಾ ತಲೆದಿಂಬಿನ ಪಕ್ಕ ಮಡೀಕೊಂಡು ಮಲಗ್ತೀಯ. ಅಬ್ಬದ ದಿನ ಆಫೀಸಿಂದಾಗೋಯ್ತಾ?"

ರಘುನಾಥ ಪ್ಲೇಯರನ್ನು ಕರ್ಚೀಫಿನಲ್ಲಿ ಸುತ್ತಿ ಜೇಬಿಗಿಳಿಸಿದ.

ಶೆಟ್ಟಿಹಳ್ಳಿಯ ಮನೆಯ ಪಕ್ಕದ ಶೆಡ್ಡು ತೊಳೆದು ಮದುವೆ ಚಪ್ಪರದ ಹಾಗಾಗಿತ್ತು. ಲೇತಿಗೆ ಎರಡು ಬಾಳೆಕಂಬ, ಕತ್ತಿನ ತುಂಬ ಚೆಂಡುಹೂವು. ಅದರ ಮುಂದೆ ಉದ್ದನೆಯ ಹಲಗೆ. ಹಲಗೆಯ ಮೇಲೆ ಸ್ಪಾನರುಗಳು, ಡ್ರಿಲ್ಲು, ರಾಣಿಯ ತಾಯಿ ಮುನಿನಾರಾಯಣಮ್ಮನವರ ಮಿಕ್ಸಿ, ರಾಣಿ ಗಾರ್ಮೆಂಟ್ಸಿನಲ್ಲಿ ದಿನವಿಡೀ ಕತ್ತಿಗೆ ನೇತುಹಾಕಿಕೊಂಡಿರುವ ದಾರ ಕತ್ತರಿಸುವ ಪುಟ್ಟ ಕತ್ತರಿ. ನಡುವೆ, ಲೇತಿಗೆ ನೇರವಾಗಿ, ಹಳದಿ ಬಟ್ಟೆ ಹಾಸಿದ ಒಂದು ಜಾಗವನ್ನು ಖಾಲಿ ಬಿಟ್ಟಿದ್ದರು.

"ನಿಮ್ದು ಅಲ್ಲಿಡಿ" ಎಂದರು ಮುನಿಆಂಜಿನಪ್ಪ.

ರಘುನಾಥ ಕರ್ಚೀಫು ಬಿಚ್ಚಿ ಪ್ಲೇಯರನ್ನಿಟ್ಟ. ಹಾಸಿದ್ದ ಬಟ್ಟೆಗೆ ಅದು ತೀರ ಚಿಕ್ಕದಾಯಿತು. ಮುನಿಆಂಜಿನಪ್ಪ ಒಂದು ಗಳಿಗೆ ಅದನ್ನು ನೋಡಿದರು, ಅವನನ್ನು ನೋಡಿದರು, ಆಮೇಲೆ ಗಾಜಿನ ಮೇಲೆ ಮೂರು ಬೆರಳು ವಿಭೂತಿ ಎಳೆದು ಕುಂಕುಮ ಇಟ್ಟರು.

ಮಂಗಳಾರತಿ ಆಯಿತು, ಬೂದುಗುಂಬಳ ಒಡೆದಾಯಿತು. ಇಷ್ಟಕ್ಕೆ ಮುಗಿಯಿತೆಂದು ರಘುನಾಥ ಉಸಿರು ಬಿಡುವಷ್ಟರಲ್ಲಿ ಆ ಮನೆಯದೇ ಒಂದು ಪದ್ಧತಿ ಶುರುವಾಯಿತು. ಸಾಮಾನಿನ 'ಬಾಯಿ ಬಿಡಿಸೋದು' ಎನ್ನುತ್ತಿದ್ದರು ಅದಕ್ಕೆ. ಪೂಜೆಯಾದ ಸಾಮಾನನ್ನು ಮರುದಿನದವರೆಗೆ ಮುಟ್ಟುವಂತಿಲ್ಲ; ಅದಕ್ಕೆ ಮೊದಲು ಪ್ರತಿಯೊಬ್ಬರೂ ತಮ್ಮ ಸಾಮಾನಿನಿಂದ ದೇವರೆದುರು ಒಂದು ಸಲ ಕೆಲಸ ಮಾಡಿಸಿ ತೋರಿಸಬೇಕು.

ಮುನಿಆಂಜಿನಪ್ಪ ಸ್ವಿಚ್ಚು ಒತ್ತಿದರು. ಲೇತು ಗುಂಯ್ಯೆಂದು ಹಿತ್ತಾಳೆಯ ಒಂದು ಸುರುಳಿ ಬಿಟ್ಟಿತು. ಆ ಸುರುಳಿಯನ್ನು ಎತ್ತಿ ದೇವರ ಪಟದ ಕೆಳಗಿಟ್ಟರು. ಮುನಿನಾರಾಯಣಮ್ಮ ಮಿಕ್ಸಿಯಲ್ಲಿ ಒಂದು ಏಲಕ್ಕಿ ಪುಡಿ ಮಾಡಿದರು. ರಾಣಿ ಸೀರೆಯ ಸೆರಗಿನಿಂದ ಹೊರಬಂದ ಒಂದು ಎಳೆಯನ್ನು ಚಕ್ಕೆಂದು ಕತ್ತರಿಸಿ ಅಲ್ಲೇ ಇಟ್ಟಳು.

"ಊಂ, ನೀವು."

ರಘುನಾಥ ಗುಂಡಿ ಒತ್ತಿದ. ಬೆಳಿಗ್ಗೆ ಬಸ್ಸಿನಲ್ಲಿ ಎಲ್ಲಿ ನಿಲ್ಲಿಸಿದ್ದನೋ ಪ್ಲೇಯರು ಅಲ್ಲಿಂದಲೇ ಶುರುಮಾಡಿತು. ವಿಭೂತಿ ಪಟ್ಟೆಗಳ ಹಿಂದಿನಿಂದ ಒಬ್ಬಳು ನರ್ತಕಿ ಭುಜ ಕುಣಿಸುತ್ತ ಬಂದಳು. ಅವಳ ಹಿಂದೆ ಇಪ್ಪತ್ತು ಜನ ಬನಿಯನ್ನಿನಲ್ಲಿ. ಡೋಲು ಬಡಿಯಿತು. ನಿಲ್ಲಿಸೋಣವೆಂದರೆ ಕುಂಕುಮದ ಮೇಲೆ ಬೆರಳು ಜಾರಿ ಸದ್ದು ಇನ್ನೂ ಜೋರಾಯಿತು. ಹಾಡಿನ ಒಂದು ಚರಣ ಪೂರ್ತಿ ಮುಗಿಯುವವರೆಗೆ ಮನೆಮಂದಿಯೆಲ್ಲ ಕೈಮುಗಿದುಕೊಂಡೇ ನಿಂತಿದ್ದರು.

"ಕಲರು ಚೆನ್ನಾಗೈತೆ" ಎಂದರು ಮುನಿಆಂಜಿನಪ್ಪ, ಹಾಡು ನಿಂತ ಮೇಲೆ.

ಪಟದ ಕೆಳಗಿಡಲು ರಘುನಾಥನ ಬಳಿ ಏನೂ ಇರಲಿಲ್ಲ.

ಒಬ್ಬಟ್ಟಿನ ಊಟವಾಯಿತು. ಕೈತೊಳೆಯಲು ಹಿತ್ತಲಿಗೆ ಹೋದಾಗ ರಾಣಿ ನೀರಿನ ಚೊಂಬು ಹಿಡಿದು ನಿಂತಿದ್ದಳು.

"ಚೀಟಿ ಹೊಡೆಯೋ ಮಿಷನ್ ಯಾಕೆ ತರಲಿಲ್ಲ?"

ರಘುನಾಥ ತೊಳೆದ ಕೈಯನ್ನೇ ಮತ್ತೆ ತೊಳೆದ. "ಯಾವ್ ಮಿಷನ್?"

"ಅಯ್ಯೋ, ನಾಟಕ ಬೇಡ್ರೀ. ಅಪ್ಪ ಒಂದಿನ ಆರ್.ಟಿ. ನಗರಕ್ಕೆ ಬಂದು ಟೀ ಅಂಗಡೀಲಿ ಕೂತು ನಿಮ್ಮನ್ನ ನೋಡಿದ್ರು. ಯಾರೋ ಅಜ್ಜಿಗೆ ಬಿಲ್ ಅರ್ಥ ಆಗ್ಲಿಲ್ಲ ಅಂತ ಎರಡೆರಡು ಸಲ ಓದಿ ಹೇಳಿದ್ರಂತೆ ನೀವು. ಮನೆಗೆ ಬಂದವ್ರೇ, ಈ ಹುಡುಗ ಆಗ್ಬೋದು ಅಂದ್ರು. ಅಲ್ಲೀವರ್ಗೂ ಬೇಡ ಅಂತಿದ್ರು, ಕಂಪ್ಯೂಟರ್‌ನೋರು ನಮಗ್ಯಾಕೆ ಅಂತ."

ರಘುನಾಥನಿಗೆ ಚೊಂಬಿನೊಳಗೆ ಅಡಗಿ ಕೂರುವಂತಿದ್ದರೆ ಎನಿಸಿತು.

"ಅಳತೆ ಅಂದಾಜು ಮಾಡಿ ಬಟ್ಟೆ ಹಾಸಿದ್ದೂ ಅಪ್ಪಾನೇ" ಎಂದಳು ರಾಣಿ. ನಗುತ್ತಿರಲಿಲ್ಲ, ನಕ್ಕಿದ್ದರೆ ವಾಸಿಯಿತ್ತು. "ಬಾಯಿ ಬಿಡಿಸಿದ್ರೆ ಚೀಟಿ ಬತ್ತದೆ, ದೇವ್ರ ಪಾದದ ಹತ್ರ ಇಡೋಣ ಅಂತ ನಿನ್ನೆಯಿಂದ ಹೇಳ್ತಿದ್ರು."

ಅವನು ನೇರ ಶೆಡ್ಡಿಗೆ ನಡೆದ. ಮುನಿಆಂಜಿನಪ್ಪ ಸ್ಟೂಲಿನ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು.

"ಮಾವ, ಒಂದ್ ಮಾತು. ನನ್ನ ಕೆಲಸ…"

"ಗೊತ್ತದೆ ಬಿಡಿ."

"ಇಲ್ಲ, ಅದು ತರಬೇಕಿತ್ತು. ಈಗ್ಲೇ ಹೋಗಿ ತರ್ತೀನಿ. ಒಂದ್ ಗಂಟೇಲಿ ಬಂದ್ಬಿಡ್ತೀನಿ. ಇದನ್ನ ತೆಗೆದು…"

"ಮುಟ್ಟಂಗಿಲ್ಲ." ಗದರಿಸಿದ ದನಿಯಲ್ಲ, 'ಬಾಗಿಲು ತೆರೆದಿದೆ, ಮುಚ್ಚಿ' ಎನ್ನುವಷ್ಟು ಸಾಧಾರಣ. "ನೋಡಿ, ನಮ್ಮಪ್ಪನ ಕಾಲದಿಂದ ಇಂಗೇ. ದೇವ್ರ ಮುಂದೆ ಮೊದಲ್ನೇ ಸಲ ಏನಿಡ್ತೀರೋ ಅದೇ ನಿಮ್ ಕಸುಬು. ಬದಲಾಯಿಸೋ ಪದ್ಧತಿ ಇಲ್ಲ. ನಮ್ ಚಿಕ್ಕಪ್ಪ ಕುಡಿದ್ಬುಟ್ಟು ಬೀಗದ ಕೈ ಇಟ್ಟಿದ್ದ. ಸಾಯೋಗಂಟ ಅದಕ್ಕೇ ಪೂಜೆ." ಎಲೆ ಮಡಿಚಿ ಬಾಯಿಗಿಟ್ಟುಕೊಂಡರು. "ತಾಂಬೂಲದ ದಿನ ನಿಮ್ಮಮ್ಮನ್ನೂ ಕರ್ಕೊಂಬನ್ನಿ."

ಹೆಣ್ಣು ಕೊಡುವುದಿಲ್ಲ ಎಂದಿದ್ದರೆ ಎದ್ದು ಬರಬಹುದಿತ್ತು. ಕೊಡುತ್ತೇನೆ ಎಂದವರ ಮುಂದೆ ಏನು ಮಾಡಬೇಕೆಂದು ರಘುನಾಥನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಸಂಜೆ ಮನೆಗೆ ಬಂದರೆ ಬಿಲ್ಲಿನ ಯಂತ್ರ ದೇವರ ಗೂಡಿನಲ್ಲಿ ಕೂತಿತ್ತು. ತಲೆಯ ಮೇಲೆ ದಾಸವಾಳ, ಚೀಟಿ ಬರುವ ಬಾಯಿಗೆ ಧಾರಾಳವಾಗಿ ಕುಂಕುಮ. ಮುನಿಕೆಂಪಮ್ಮ ಮಗನ ಕಡೆ ತಿರುಗಿಯೂ ನೋಡಲಿಲ್ಲ. ರಜೆ ಮುಗಿದು ಕೆಲಸಕ್ಕೆ ಹೋದಾಗ ಬಿಲ್ಲುಗಳೆಲ್ಲ ಕೆಂಪು ಗೆರೆ ಹೊತ್ತು ಬಂದವು. "ಏನಪ್ಪಾ, ಬಿಲ್‌ಗೂ ಹಬ್ಬ ಮಾಡ್ಸಿದ್ದೀಯಾ?" ಎಂದು ಆರ್.ಟಿ. ನಗರದ ಒಂದು ಮನೆಯ ಗೇಟಿನಲ್ಲಿ ನಿಂತ ಅಕ್ಬರಿ ಬೀ ಕೇಳಿದರು. "ನಮ್ಮಮ್ಮ ಮಾಡಿದ್ದು" ಎಂದ. 'ನಾನಲ್ಲ' ಎಂಬ ಉಳಿದರ್ಧ ಬಾಯಿಂದ ಬರಲಿಲ್ಲ.

ಮದುವೆಯಾಗಿ ಈಗ ಎಂಟು ವರ್ಷ. ಬೂದು ಇಟ್ಟಿಗೆ ಹೋಗಿ ಒಂದಾದ ಮೇಲೊಂದರಂತೆ ಎರಡು ಹೊಸ ಯಂತ್ರಗಳು ಬಂದಿವೆ. ಈಗಿನದನ್ನು ಬಸ್ಸಿನಲ್ಲಿ ರಘುನಾಥ ಎಲ್ಲರಿಗೂ ಕಾಣುವಂತೆ ತೊಡೆಯ ಮೇಲಿಟ್ಟುಕೊಳ್ಳುತ್ತಾನೆ. ಆದರೆ ಯಾವುದೂ ಶೆಟ್ಟಿಹಳ್ಳಿಯ ಹಲಗೆ ಹತ್ತಿಲ್ಲ. ನವರಾತ್ರಿ ಬಂತೆಂದರೆ ಅತ್ತೆಯ ಫೋನು ಬರುತ್ತದೆ: "ಅಳಿಯಂದ್ರೇ, ನಿಮ್ ಸಾಮಾನು ಮರೀಬೇಡಿ." ಪ್ಲೇಯರಿನ ಬ್ಯಾಟರಿ ಉಬ್ಬಿ ಗಾಜು ಎದ್ದು ನಿಂತಿದೆ, ಜೀವ ಹೋಗಿ ನಾಲ್ಕು ವರ್ಷವಾಯಿತು.

ಈ ಸಲವೂ ಲೇತು ಸುರುಳಿ ಬಿಟ್ಟಿತು, ಮಿಕ್ಸಿ ತಿರುಗಿತು, ರಾಣಿ ದಾರ ಕತ್ತರಿಸಿದಳು. ರಘುನಾಥ ಬಗ್ಗಿ ಗುಂಡಿ ಒತ್ತಿ ಕೈಮುಗಿದು ನಿಂತ. ಎಲ್ಲರೂ ಕಾದರು. ಮುನಿಆಂಜಿನಪ್ಪನವರು ಎಂದಿನಂತೆ ಒಂದು ಚರಣ ಮುಗಿಯುವಷ್ಟು ಹೊತ್ತು, ಮುಖದಲ್ಲಿ ಒಂದು ಗೆರೆಯೂ ಅಲುಗದೆ, ಕಪ್ಪು ಗಾಜನ್ನೇ ನೋಡುತ್ತ ನಿಂತರು.

"ಊಂ, ಆಯ್ತು" ಎಂದರು ಕೊನೆಗೆ. "ಕಾಯಿ ಒಡೀರಿ."