ಗೆರೆ ಮುಟ್ಟಿದ ಕೈ

ಮಳವಳ್ಳಿಯಿಂದ ಬಂದ ಬಸ್ಸು ಪೂರಿಗಾಲಿಯಲ್ಲಿ ನಿಂತಾಗ ಜವರಯ್ಯ ಅಕ್ಕನ ಮಗ ಸ್ವರೂಪನ ತಲೆಗೆ ಮೈಸೂರು ಪೇಟ ಕೂರಿಸುತ್ತಿದ್ದ. ಪೇಟ ಅಳತೆಗೆ ದೊಡ್ಡದು, ಹುಬ್ಬಿನವರೆಗೂ ಜಾರುತ್ತಿತ್ತು. ಸ್ವರೂಪ್ ಅದನ್ನು ಮೇಲೆತ್ತಿಕೊಂಡು ನೋಡಿದ. ಬಸ್ಸಿನಿಂದ ಕೊನೆಗೆ ಇಳಿದವನು ಗೆಳೆಯ ಮುಕರ್ರಂ. ಅವನು ಬರದಿದ್ದರೆ ಸಾಕೆಂದು ಸ್ವರೂಪ್ ಬೆಳಿಗ್ಗೆಯಷ್ಟೇ ಮನೆದೇವರಿಗೆ ಕೈಮುಗಿದಿದ್ದ. ಆದರೆ ಆಟದ ಸೀಸನ್ನು ಶುರುವಾಗುವ ಮುಂಚೆ, ಅದು ಮುಗಿದ ಮೇಲೆ ನಮ್ಮೂರಿಗೆ ಬಾ, ನಮ್ಮವ್ವ ಮರಿ ಕುಯ್ಸ್ತಾಳೆ ಎಂದು ಬಾಯ್ತುಂಬ ಕರೆದವನು ತಾನೇ. ಊರವರು ಸ್ವರೂಪನಿಗೆ ಮಾಡುವ ಸನ್ಮಾನದ ದಿನ ತಿಳಿಸಿ ಫೋನು ಮಾಡಿದವಳು ಅವ್ವ ಬೆಟ್ಟಮ್ಮ, ಅದೂ ಮಗನ ಮೊಬೈಲಿನಿಂದಲೇ.

ಪೂರಿಗಾಲಿಯಲ್ಲಿ ಕಬಡ್ಡಿ ಆಡದ ಗಂಡಸಿಲ್ಲ. ಆಡದವರೂ ಆಡಿದ್ದೆವು ಎಂದು ಹೇಳಿಕೊಳ್ಳುತ್ತಾರೆ. ಅವರಿಗೆಲ್ಲ ಜವರಯ್ಯನೇ ಗುರು. ಅಂಥ ಊರಿನ ಹುಡುಗ ಬೆಂಗಳೂರಿಗೆ ಹೋಗಿ ಮೊಟ್ಟೆಯಂಥ ಚೆಂಡು ಹಿಡಿದು ಓಡುವ ಆಟಕ್ಕೆ ಸೇರಿದ್ದು ಮದ್ದೂರಿನ ಮುಕರ್ರಂನಿಂದ. ಇಬ್ಬರೂ ಮಂಡ್ಯದ ಕಾಲೇಜಿನಲ್ಲಿ ಒಟ್ಟಿಗೆ ಓದಿದವರು. ಓದಿದ್ದಕ್ಕಿಂತ ಹೆಚ್ಚಾಗಿ ಮೈದಾನದಲ್ಲಿ ಬಿದ್ದು ಎದ್ದವರು. ಮುಕರ್ರಂ ಮೊದಲು ಕಾವೇರಿ ಟಸ್ಕರ್ಸ್ ಎಂಬ ರಗ್ಬಿ ಕ್ಲಬ್ಬಿನಲ್ಲಿ ಸಂಬಳದ ಆಟಗಾರನಾದ. ಆಮೇಲೆ ಕೋಚಿನ ಬೆನ್ನುಬಿದ್ದು ಗೆಳೆಯನನ್ನೂ ಸೇರಿಸಿದ. ಊರು ಫ್ಲೆಕ್ಸು ಕಟ್ಟಿಸಿತು. ಊರಿಗೆ ಗೊತ್ತಿಲ್ಲದ ಸಂಗತಿಯೆಂದರೆ ಸ್ವರೂಪ್ ಸೀಸನ್ನಿಡೀ ಬೆಂಚು ಕಾಯ್ದದ್ದು. ಆಟದ ನಡುವೆ ನೀರಿನ ಬಾಟಲಿ ಹೊತ್ತು ಮೈದಾನಕ್ಕೆ ಓಡುವುದಷ್ಟೇ ಅವನ ಓಟ. ಕ್ಲಬ್ಬು ಗೆದ್ದೂ ಸೋತೂ ಕುಂಟುತ್ತ ಸಾಗಿ, ಕೊನೆಯ ಪಂದ್ಯ ಗೆದ್ದರೆ ಸೆಮಿಫೈನಲ್, ಇಲ್ಲದಿದ್ದರೆ ಮನೆ ಎನ್ನುವಲ್ಲಿಗೆ ಬಂದು ನಿಂತಿತು.

ಆ ಪಂದ್ಯದಲ್ಲಿ ಅಂಚಿನಲ್ಲಿ ಓಡುವವನೊಬ್ಬ ಗಾಯಗೊಂಡು, ಅವನ ಜಾಗಕ್ಕೆ ಸ್ವರೂಪನನ್ನು ಇಳಿಸಿದರು. ಆಟ ಮುಗಿಯುತ್ತ ಬಂದಿತ್ತು. ಒಂದು ಟ್ರೈ ಬಿದ್ದರೆ ಗೆಲುವು. ಚೆಂಡು ಮುಕರ್ರಂ ಕೈಯಲ್ಲಿತ್ತು, ತಾನೇ ನುಗ್ಗಬಹುದಿತ್ತು. ನುಗ್ಗದೆ ಎದುರಾಳಿಗಳನ್ನು ಮೈಮೇಲೆ ಎಳೆದುಕೊಂಡು, ಬೀಳುತ್ತ ಬೀಳುತ್ತಲೇ ಚೆಂಡನ್ನು ಹಿಂದಕ್ಕೆ, ಸ್ವರೂಪನ ಎದೆಗೆ ಸರಿಯಾಗಿ ಎಸೆದ. ಸ್ವರೂಪ್ ಓಡಿದ. ಗೆರೆಯ ಹತ್ತಿರ ಯಾರೋ ಹಿಂದಿನಿಂದ ಕಾಲು ಹಿಡಿದರು. ರಗ್ಬಿಯಲ್ಲಿ ಗೆರೆ ತಲುಪಿದವನು ಚೆಂಡನ್ನು ನೆಲಕ್ಕೆ ಒತ್ತಬೇಕು, ಒತ್ತಿದರೆ ಮಾತ್ರ ಟ್ರೈ. ಸ್ವರೂಪನಿಗೆ ಇದು ಗೊತ್ತಿರಲಿಲ್ಲವೆ? ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದ. ಆದರೆ ಕಾಲು ಸಿಕ್ಕಿಬಿದ್ದ ಕೂಡಲೇ ಅವನ ಮೈ ಜವರಯ್ಯ ಕಲಿಸಿದ್ದನ್ನೇ ಮಾಡಿತು. ಕಬಡ್ಡಿಯಲ್ಲಿ ಹಿಡಿಸಿಕೊಂಡವನು ನಡುಗೆರೆಗೆ ಕೈ ಚಾಚುವ ಹಾಗೆ ಖಾಲಿ ಕೈಯನ್ನು ಚಾಚಿ ಗೆರೆ ಮುಟ್ಟಿದ. ಮುಟ್ಟಿದೆನಲ್ಲ ಎಂದು ಮೈ ಸಡಿಲ ಬಿಟ್ಟ. ಇನ್ನೊಂದು ಕಂಕುಳಲ್ಲಿದ್ದ ಚೆಂಡು ಜಾರಿ ಉರುಳಿತು, ಎದುರಾಳಿಯೊಬ್ಬ ಅದನ್ನು ಮೈದಾನದಾಚೆಗೆ ಒದ್ದ, ಪಂದ್ಯ ಮುಗಿದ ಸೀಟಿ ಕೇಳಿಸಿತು. ಸ್ವರೂಪ್ ಎದ್ದು, ಆಗಲೂ ಗೆದ್ದವನಂತೆ ಕೈ ಮೇಲೆತ್ತಿಕೊಂಡೇ ನಿಂತಿದ್ದ.

ಜವರಯ್ಯನ ಮೊಬೈಲಿನ ಸುತ್ತ ಮುಗಿಬಿದ್ದು ನೋಡುತ್ತಿದ್ದ ಊರಿಗೆ ದೂರದ ಚಿತ್ರದಲ್ಲಿ ಕಂಡದ್ದು ಒಂದೇ: ನಮ್ಮ ಹುಡುಗ ಗೆರೆ ಮುಟ್ಟಿದ, ಅವರು ಪಾಯಿಂಟು ಕೊಡಲಿಲ್ಲ. ಮಾರನೆಯ ದಿನ ಜವರಯ್ಯ ಫೋನು ಮಾಡಿದ.

"ನೀನ್ ಮುಟ್ಟಿದ್ದ ಕಣ್ಣಾರೆ ಕಂಡ್ವಲ್ಲೊ. ಯಾಕ್ಲಾ ಪಾಯಿಂಟು ಕೊಡ್ನಿಲ್ಲ?"

"ಮುಕರ್ರಂ ಪಾಸ್ನ ಮುಂದುಕ್ಕೆಸ್ದಿದ್ದ ಮಾವ. ಈ ಆಟ್ದಲ್ಲಿ ಬಾಲ್ನ ಇಂದುಕ್ಕೇ ಎಸೀಬೇಕು. ಅದ್ಕೆ ಕೊಡ್ನಿಲ್ಲ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇಂಥ ಸುಳ್ಳು ತನ್ನ ಬಾಯಿಂದ ಇಷ್ಟು ಸಲೀಸಾಗಿ ಬಂದದ್ದಕ್ಕೆ ಸ್ವರೂಪನಿಗೇ ದಿಗಿಲಾಯಿತು. ಸಂಜೆಯೊಳಗೆ ಅದು ಡೇರಿಯಲ್ಲಿ ಹಾಲು ಹಾಕುವವರ ಬಾಯಲ್ಲಿತ್ತು. ಮದ್ದೂರಿನ ಸಾಬರ ಹುಡುಗ ಮುಂದಕ್ಕೆ ಎಸೆದನಂತೆ, ನಮ್ಮ ಹುಡುಗ ಮುಟ್ಟಿದ್ದೂ ದಂಡವಾಯಿತಂತೆ. ಅವರು ಕೊಡದ ಗೆಲುವನ್ನು ನಾವೇ ಕೊಡೋಣವೆಂದು ಊರು ಸನ್ಮಾನಕ್ಕೆ ದಿನ ಗೊತ್ತುಮಾಡಿತು.

ಈಗ ಆ ಮದ್ದೂರಿನ ಹುಡುಗ ಹೆಗಲಿಗೆ ಬ್ಯಾಗು ನೇತುಹಾಕಿಕೊಂಡು, ಬಲಗಾಲನ್ನು ತುಸು ಎಳೆಯುತ್ತ, ಮಾರಿಗುಡಿಯ ಮುಂದಿನ ಬಯಲಿಗೆ ನಗುತ್ತ ಬಂದ. ಸ್ವರೂಪನ ತಲೆಯ ಮೇಲಿನ ಪೇಟ ನೋಡಿ ಇನ್ನಷ್ಟು ನಕ್ಕ.

"ಏನ್ಲಾ ಇದು, ಮದ್ವೆ ಗಂಡು!"

ಸ್ವರೂಪ್ ಉತ್ತರ ಹುಡುಕುವುದರೊಳಗೆ ಜವರಯ್ಯ ಮುಂದೆ ಬಂದ. ಅವನ ಮಾತಿನಲ್ಲಿ ಹಗೆಯೇನೂ ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಮುಖದ ಮೇಲೆ ಕೇಳುವುದು ಅವನ ಜಾಯಮಾನ.

"ಬಾರಪ್ಪ. ಅಲ್ಲಾ, ಅಷ್ಟ್ ವರ್ಸ ಆಡಿರೋನು ನೀನು, ಪಾಸ್ನ ಯಾಕ್ ಮುಂದುಕ್ ಎಸ್ದೆ? ಇಂದುಕ್ ಎಸೀಬೇಕಂತಲ್ಲ?"

ಮುಕರ್ರಂನ ನಗು ಹಾಗೇ ನಿಂತಿತು. ಅವನು ಸ್ವರೂಪನ ಕಡೆ ತಿರುಗಿದ. ಸ್ವರೂಪ್ ಪೇಟ ಸರಿಮಾಡಿಕೊಳ್ಳುವ ನೆವದಲ್ಲಿ ತಲೆ ತಗ್ಗಿಸಿ ತನ್ನ ಚಪ್ಪಲಿಯನ್ನೇ ನೋಡುತ್ತಿದ್ದ. ಈಗ ಬಾಯಿಬಿಡುತ್ತಾನೆ, ಈಗ ಊರ ಮುಂದೆ ನನ್ನ ಮಾನ ಹರಾಜಾಗುತ್ತದೆ ಎಂದು ಕಾದ.

"ಅವಸ್ರ ಆಗೋಯ್ತು ಅಣ್ಣ," ಎಂದ ಮುಕರ್ರಂ.

ಸ್ವರೂಪನಿಗೆ ಮೊದಲು ಬಂದದ್ದು ನಿಟ್ಟುಸಿರು. ಬದುಕಿದೆ ಎಂದುಕೊಂಡ. ಹಾಗೆ ಅಂದುಕೊಂಡದ್ದಕ್ಕೆ ಮರುಗಳಿಗೆಯಲ್ಲಿ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಶಾಲು ಹೊದಿಸಿದರು, ಹಾರ ಹಾಕಿದರು, ಮೈಕಿನಲ್ಲಿ ಹೊಗಳಿದರು. ಆಮೇಲೆ ಶಾಮಿಯಾನದಡಿ ಊಟಕ್ಕೆ ಎಲೆ ಹಾಕಿದರು. ಗೆಳೆಯರಿಬ್ಬರನ್ನೂ ಅಕ್ಕಪಕ್ಕ ಕೂರಿಸಿ ಬೆಟ್ಟಮ್ಮ ತಾನೇ ಮುದ್ದೆ ಇಟ್ಟು ಸಾರು ಬಿಟ್ಟಳು. ಮುಕರ್ರಂನ ಎಲೆಯ ಮುಂದೆ ಒಂದು ಗಳಿಗೆ ನಿಂತಳು.

"ಅನ್ಮಾನ ಪಡ್ಬ್ಯಾಡ ಕಣಪ್ಪ. ಮಳವಳ್ಳಿಯಿಂದ ಅಫ್ಸರ್ ಪಾಷನ್ನ ಕರ್ಸಿ ಅವ್ನ್ ಕೈಲೇ ಕುಯ್ಸಿವ್ನಿ."

"ಗೊತ್ತವ್ವ. ಸ್ವರೂಪ ಏಳಿದ್ದ."

"ಆ ಪಾಸಿನ್ ಇಚಾರ ನಾನ್ ಅವತ್ತೇ ಮರ್ತ್‌ಬುಟ್ಟೆ. ತೆಪ್ಪು ಯಾರ್ ಮಾಡಕ್ಕಿಲ್ಲ ಏಳು? ನನ್ ಮಗುಂಗೆ ಅನ್ಯಾಯ ಆಯ್ತು, ಸಂಕ್ಟ ಆಯ್ತು, ದಿಟ. ಅಂಗಂತ ನಿನ್ ಮ್ಯಾಲೆ ಸಿಟ್ಟಿಲ್ಲ. ಒಟ್ಟೆ ತುಂಬಾ ಉಣ್ಣು."

"ಆಯ್ತವ್ವ," ಎಂದು ಮುಕರ್ರಂ ಮುದ್ದೆ ಮುರಿದ.

ಮಾಡದ ತಪ್ಪಿಗೆ ಕ್ಷಮೆ ಪಡೆದವನು ತಲೆಬಾಗಿಸಿ ಉಣ್ಣುತ್ತಿದ್ದ. ಮಾಡಿದವನು ಮುದ್ದೆಯನ್ನು ಎಲೆಯಲ್ಲೇ ಹೊರಳಿಸುತ್ತಿದ್ದ. ಅವ್ವ ದೊಡ್ಡ ಮನಸ್ಸು ಮಾಡಿದಷ್ಟೂ ಸ್ವರೂಪ್ ಸಣ್ಣವನಾಗುತ್ತ ಹೋದ. ಅವಳು ಮುಕರ್ರಂಗೆ ನಾಲ್ಕು ಬೈದಿದ್ದರೂ ಚೆನ್ನಾಗಿತ್ತು ಎನಿಸಿತು. ಎಲೆಯಲ್ಲಿ ಎಲ್ಲ ಹಾಗೇ ಬಿಟ್ಟು ಎದ್ದ.

ಕೈತೊಳೆಯುವ ನಲ್ಲಿಯ ಹತ್ತಿರ ಮುಕರ್ರಂ ಒಬ್ಬನೇ ಸಿಕ್ಕಿದ.

"ಯಾಕ್ಲಾ ಒಪ್ಕೊಂಡೆ?" ಎಂದು ಸ್ವರೂಪ್ ಪಿಸುಗುಟ್ಟಿದ.

"ಇನ್ನೇನ್ ಮಾಡ್ಲಿ? ನಿಮ್ಮೂರ್ಗೆ ಬಂದು, ನಿಮ್ಮವ್ವನ್ ಮುಂದೆ, ನಿನ್ ಮಗ ಸುಳ್ಳ ಅನ್ಲಾ?" ಮುಕರ್ರಂ ಕೈ ಒದರಿ ಪ್ಯಾಂಟಿಗೆ ಒರೆಸಿಕೊಂಡ. ದನಿಯಲ್ಲಿ ಸಿಟ್ಟಿರಲಿಲ್ಲ, ಸಲಿಗೆಯೂ ಇರಲಿಲ್ಲ. "ಕ್ಲಬ್ಬಿನೋರು ನನ್ನ ಬುಟ್ರು ಕಣೋ. ಮಂಡಿ ಓಗಿದೆ, ಮುಂದಿನ್ ಸೀಸನ್‌ಗೆ ಬ್ಯಾಡ ಅಂದ್ರು. ಅದೇ ನಂದು ಕಡೇ ಮ್ಯಾಚು. ನಿಂಗ್ ಮೊದ್ಲು ಏಳಣ ಅಂತ ಬಂದೆ."

ಸ್ವರೂಪನಿಗೆ ಈಗ ಅರ್ಥವಾಯಿತು. ತಾನೇ ನುಗ್ಗಿ ಹೊಡೆಯಬಹುದಾಗಿದ್ದ ಕೊನೆಯ ಟ್ರೈಯನ್ನು, ಸೀಸನ್ನಿಡೀ ನೀರು ಹೊತ್ತ ಗೆಳೆಯನ ಹೆಸರಿಗೆ ಒಂದಾದರೂ ಇರಲಿ ಎಂದು ಇವನು ಬಿಟ್ಟುಕೊಟ್ಟಿದ್ದ.

ಅಷ್ಟರಲ್ಲಿ ಮೈಕಿನಲ್ಲಿ ಜವರಯ್ಯನ ಕೂಗು. ಉಂಡವರು ಹಾಗೇ ಜಾರಿಕೊಳ್ಳುತ್ತಿದ್ದರು, ಅವರನ್ನು ತಡೆದು ನಿಲ್ಲಿಸಬೇಕಿತ್ತು. "ಆ ಮೊಟ್ಟೆ ಬಾಲ್ನಾಟ ಎಂಗೆ ಅಂತ ಒಂದ್ ಕಿತ ತೋರ್ಸ್‌ರಪ್ಪ ಇಬ್ರೂವೆ!"

ಮುಕರ್ರಂ ಬ್ಯಾಗಿನಿಂದ ಹಳೆಯ ಚೆಂಡೊಂದನ್ನು ತೆಗೆದ. ಬಯಲಿನಲ್ಲಿ ಕಬಡ್ಡಿಗೆ ಹಾಕಿದ ಸುಣ್ಣದ ಗೆರೆ ಇದ್ದೇ ಇತ್ತು. ಸ್ವರೂಪ್ ಪೇಟ, ಶಾಲು, ಹಾರ ಎಲ್ಲವನ್ನೂ ತೆಗೆದು ಕುರ್ಚಿಯ ಮೇಲಿಟ್ಟು ಮುಕರ್ರಂನ ಹಿಂದಿನಿಂದ ಓಡಿಬಂದ. ನಿಂತಲ್ಲಿಂದಲೇ ಮುಕರ್ರಂ ಎಸೆದ ಚೆಂಡು ಅವತ್ತಿನ ಹಾಗೆಯೇ ಹಿಂದಕ್ಕೆ, ಅವನ ಎದೆಗೇ ಬಂತು. ಗೆರೆಯ ಹತ್ತಿರ ಸ್ವರೂಪ್ ಬೇಕೆಂದೇ ನೆಲಕ್ಕೆ ಬಿದ್ದ. ಚೆಂಡನ್ನು ಕಂಕುಳಲ್ಲಿಟ್ಟುಕೊಂಡು, ಖಾಲಿ ಕೈ ಚಾಚಿ ಗೆರೆ ಮುಟ್ಟಿದ.

"ಮುಟ್ದ ಕಣ್ಲಾ! ಪಾಯಿಂಟು!" ಬಯಲೆಲ್ಲ ಶಿಳ್ಳೆ.

ಸ್ವರೂಪ್ ಎದ್ದ. ಮೊಣಕೈಗೆ ಮಣ್ಣು ಮೆತ್ತಿತ್ತು. ಜವರಯ್ಯನ ಕೈಯಿಂದ ಮೈಕು ಕಸಿದುಕೊಂಡ.

"ಪಾಯಿಂಟಲ್ಲ ಮಾವ. ಅವತ್ತೂ ನಾನ್ ಇಂಗೇ ಮಾಡ್ದೆ. ಬಾಲ್ನ ನೆಲುಕ್ ಒತ್ಬೇಕಿತ್ತು, ನಾನ್ ಬರೀ ಕೈ ಇಟ್ಟೆ. ಇವ್ನ್ ಪಾಸು ಸರಿಯಾಗೇ ಬಂದಿತ್ತು. ಮುಂದುಕ್ ಎಸ್ದ ಅಂತ ನಾನ್ ಸುಳ್ಳೇಳ್ದೆ."

ಶಿಳ್ಳೆ ನಿಂತಿತು. ಜವರಯ್ಯ ಅವನನ್ನು ನೋಡಿದ, ಮುಕರ್ರಂನನ್ನು ನೋಡಿದ. ಅವನ ಮುಖ ನಿಧಾನವಾಗಿ ಅರಳಿತು, ಕಣ್ಣಲ್ಲಿ ನೀರಾಡಿತು. ಮೈಕನ್ನು ಮರಳಿ ತೆಗೆದುಕೊಂಡ.

"ಕೇಳಿದ್ರಾ? ಮನೆಗ್ ಬಂದ ಸ್ನೇಯಿತನ್ ಮಾನ ಓಗ್ಬಾರ್ದು ಅಂತ ತೆಪ್ಪ ತನ್ ತಲೆ ಮ್ಯಾಲೆ ಆಕ್ಕಂಡ ನನ್ ಅಳಿಯ! ಆಟ ಯಾರ್ ಬೇಕಾದ್ರೂ ಆಡ್ತಾರೆ ಕಣ್ರಪ್ಪ, ಇಂಥ ಗುಣ ಯಾರ್ಗ್ ಬತ್ತದೆ?"

ಚಪ್ಪಾಳೆ ಬಿತ್ತು, ಶಾಲು ಹೊದಿಸಿದಾಗ ಬಿದ್ದದ್ದಕ್ಕಿಂತ ಜೋರಾಗಿ ಬಿತ್ತು. "ಇಲ್ಲ ಮಾವ, ದಿಟ ಕಣ್ ಮಾವ, ಅವ್ವನಾಣೆ!" ಎಂದು ಸ್ವರೂಪ್ ಅರಚಿದ. ಅರಚಿದಷ್ಟೂ ಚಪ್ಪಾಳೆ ಹೆಚ್ಚಾಯಿತು. ಮುಕರ್ರಂ ಚೆಂಡನ್ನು ಬ್ಯಾಗಿಗೆ ತುರುಕಿ ಜಿಪ್ಪು ಎಳೆಯುತ್ತಿದ್ದ.

ಚಪ್ಪಾಳೆ ತಟ್ಟದೆ ನಿಂತವಳು ಬೆಟ್ಟಮ್ಮ ಒಬ್ಬಳೇ. ಸಾರಿನ ಬಕೆಟ್ಟನ್ನು ನೆಲಕ್ಕಿಟ್ಟು ಜನರನ್ನು ಸರಿಸಿಕೊಂಡು ಮಗನ ಹತ್ತಿರ ಬಂದಳು.

"ದಿಟವೇನ್ಲಾ?" ಅವನಿಗಷ್ಟೇ ಕೇಳುವಂತೆ ಕೇಳಿದಳು.

ಸ್ವರೂಪ್ ಹೌದೆಂದು ತಲೆಯಾಡಿಸಿದ. ಅವ್ವನ ಮುಖ ನೋಡಲಾಗಲಿಲ್ಲ. ಅವಳು ಮುಕರ್ರಂ ನಿಂತಿದ್ದ ಕಡೆಗೆ ತಿರುಗಿದಳು.

ಅಷ್ಟರಲ್ಲಿ ಹುಡುಗರು ಹೋ ಎಂದು ನುಗ್ಗಿ ಅವನನ್ನು ಎತ್ತಿಕೊಂಡರು. ಬಿಡ್ರೋ, ಬಿಡ್ರೋ ಎಂದು ಕೊಸರಿದರೂ ಬಿಡಲಿಲ್ಲ. ಯಾರೋ ಕುರ್ಚಿಯ ಮೇಲಿದ್ದ ಹಾರ ತಂದು ಮತ್ತೆ ಅವನ ಕೊರಳಿಗೆ ಹಾಕಿದರು. ಅಷ್ಟು ಎತ್ತರದಿಂದ ಜನರ ತಲೆಗಳಾಚೆಗೆ ಬಸ್ ಸ್ಟ್ಯಾಂಡಿನ ರಸ್ತೆ ಕಾಣುತ್ತಿತ್ತು. ಮುಕರ್ರಂ ಬಿಸಿಲಿನಲ್ಲಿ ನಿಧಾನವಾಗಿ ಹೋಗುತ್ತಿದ್ದ. ಪಕ್ಕದಲ್ಲಿ ಬೆಟ್ಟಮ್ಮ. ಅವನ ಬ್ಯಾಗು ಅವಳ ಹೆಗಲ ಮೇಲಿತ್ತು. ಅವನು ಕೊಡಿ ಎಂದು ಕೈ ಚಾಚಿದಾಗಲೆಲ್ಲ ಅವಳು ಅದನ್ನು ಆಚೆ ಹೆಗಲಿಗೆ ಬದಲಿಸಿಕೊಂಡು, ಅವನ ಕುಂಟು ಹೆಜ್ಜೆಗೆ ತನ್ನ ಹೆಜ್ಜೆ ನಿಧಾನ ಮಾಡಿ ನಡೆಯುತ್ತಿದ್ದಳು. ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ.