ಮೊಹೇಯಿ ಯಾರ ಕಡೆಯವನು

ಕೈಜುನ್ ಗುರುಗಳು ಮೊಹೇಯಿಯ ತಲೆಯನ್ನು ಅರ್ಧ ಬೋಳಿಸಿ ಕ್ಷೌರದ ಕತ್ತಿಯನ್ನು ನೀರಿಗದ್ದಿದರು. ಸತ್ತವನನ್ನು ಸನ್ಯಾಸಿ ಮಾಡಿ, ಹೊಸ ಹೆಸರಿಟ್ಟು ಕಳಿಸುವುದು ಪದ್ಧತಿ. ಅದು ಊರ ಬುದ್ಧನ ಗುಡಿಯ ಗುರುಗಳಿಂದಲೇ ಆಗಬೇಕೆಂಬುದು ದೊರೆಗಳ ಅಪ್ಪಣೆ. ‘ಇವನು ನಿಷೇಧಿತ ಪಂಥದವನಲ್ಲ’ ಎಂದು ಅವರು ಬರೆದುಕೊಟ್ಟರಷ್ಟೇ ಹೆಣಕ್ಕೆ ಮಣ್ಣು.

ಹೆಂಡತಿ ಒರಿಕು ನೀರಿನ ಬೋಗುಣಿ ಹಿಡಿದು ಕುಳಿತಿದ್ದಳು. ಈ ನಾಟಕ ಬೇಗ ಮುಗಿದರೆ ಸಾಕಾಗಿತ್ತು ಅವಳಿಗೆ. ಹಿಂದಿನ ಕೋಣೆಯಲ್ಲಿ, ಚಾಪೆ ಹುಲ್ಲಿನ ಕಟ್ಟುಗಳ ನಡುವೆ, ಅವಳ ಆ ನಿಷೇಧಿತ ಪಂಥದವರು ಅಡಗಿ ಕಾದಿದ್ದರು. ಗುರುಗಳು ಹೊರಗೆ ಹೋದ ಮೇಲೆ ಅವರು ಬಂದು ನಿಜವಾದ ಪ್ರಾರ್ಥನೆ ಹೇಳುವವರಿದ್ದರು. ಅದಿಲ್ಲದೆ ಹೋದವನಿಗೆ ಮುಂದೆ ದಾರಿಯೇ ಸಿಗದು ಎಂದು ನಲವತ್ತು ವರ್ಷದಿಂದ ನಂಬಿದವಳು ಅವಳು.

ಗುರುಗಳ ಬೆರಳು ಮೊಹೇಯಿಯ ನೆತ್ತಿಯ ಮೇಲಿನ ಒಂದು ಹಳೆಯ ಗಾಯದ ಬಳಿ ನಿಂತಿತು.

“ಇದು ನಮ್ಮ ಅಡುಗೆಮನೆ ಬಾಗಿಲಿನ ಕೆಲಸ. ಗಿಡ್ಡ ಬಾಗಿಲು, ಬಗ್ಗಿ ಬಾರಯ್ಯಾ ಅಂದ್ರೂ ಪ್ರತಿ ಸಲ ಚಚ್ಚಿಸಿಕೊಳ್ಳೋನು,” ಎಂದರು.

“ಯಾವ ಅಡುಗೆಮನೆ?” ಎಂದಳು ಒರಿಕು.

ಗುರುಗಳು ನಾಲಿಗೆ ಕಚ್ಚಿಕೊಂಡರು. ಆದರೆ ಆಡಿದ ಮಾತು ಆಡಿಯಾಗಿತ್ತು. ಏಳು ವರ್ಷದ ಹಿಂದೆ ಅವರು ಜ್ವರದಲ್ಲಿ ಒಬ್ಬರೇ ಬಿದ್ದಿದ್ದಾಗ ಮೊಹೇಯಿ ಗಂಜಿ ತಂದುಕೊಟ್ಟನಂತೆ. ಆಮೇಲೆ ತಿಂಗಳಿಗೊಮ್ಮೆ ಬರುತ್ತಿದ್ದನಂತೆ. ಇಬ್ಬರೂ ಮೂಲಂಗಿ ಬೇಯಿಸಿಕೊಂಡು ತಿನ್ನುತ್ತಿದ್ದರಂತೆ.

“ಧರ್ಮದ ಮಾತು ಒಂದು ಸಲಾನೂ ಎತ್ತಲಿಲ್ಲಮ್ಮ. ನಾನೂ ಎತ್ತಲಿಲ್ಲ. ಅವನು ಯಾರ ಪೈಕಿ ಅಂತ ನಂಗೆ ಗೊತ್ತಿತ್ತು.”

*

ಅವಳು ಮದುವೆಯಾಗಿ ಬಂದ ವರ್ಷ. ಗುಡಿಯ ಮರದ ಒಂದು ಕೆಂಪನೆಯ ಕಾಕಿ ಹಣ್ಣು ಬೇಲಿಯಾಚೆ ಬಿದ್ದಿತ್ತು. ಬಸುರಿ ಒರಿಕು ಎತ್ತಿಕೊಂಡು ಒಂದು ಕಡಿ ಕಚ್ಚಿದ್ದಳಷ್ಟೇ. ಮೊಹೇಯಿ ಬಾಯಿಂದ ಕಿತ್ತು ಗದ್ದೆಯ ಕೆಸರಿನಲ್ಲಿ ಹೂತುಬಿಟ್ಟ. ಕಾಲುವೆಯಲ್ಲಿ ಮೂರು ಸಲ ಬಾಯಿ ಮುಕ್ಕಳಿಸುವಂತೆ ಮಾಡಿದ. ನಾಡನ್ನಾಳುವ ಶೋಗುನ್ ಕೊಟ್ಟ ಅಕ್ಕಿಯನ್ನೇ ಬೇಡವೆಂದು ದ್ವೀಪಕ್ಕೆ ಗಡಿಪಾರಾದವರು ನಮ್ಮ ಪಂಥದ ಗುರುಗಳು, ನಿನಗೊಂದು ಹಣ್ಣು ಬಿಡಲಾಗುವುದಿಲ್ಲವೇ ಎಂದ. ಪರಪಂಥದವರಿಂದ ಪಡೆಯಬಾರದು, ಅವರ ಗುಡಿಗೆ ಕೊಡಬಾರದು, ಇದು ಪಂಥದ ಕಟ್ಟಳೆ. ಮೂರು ದಿನ ಅವಳ ಮುಖ ನೋಡಲಿಲ್ಲ. ಒರಿಕು ಮೊದಲು ಅವನನ್ನು ನಂಬಿದಳು. ಅವನನ್ನು ನಂಬಿ ಧರ್ಮವನ್ನು ನಂಬಿದಳು.

*

ಗುರುಗಳು ಕಾಗದ ಬರೆದಿಟ್ಟು ಅಂಗಳಕ್ಕೆ ಹೋದರು. ಹಿಂದಿನ ಕೋಣೆಯಿಂದ ಪಂಥದ ಹಿರಿಯ ತೋಕುಜಿ ನಾಲ್ವರೊಂದಿಗೆ ಬಂದ. ಮೊಹೇಯಿಯನ್ನು ಮಂಡಿ ಮಡಚಿ, ಹೂಳಲೆಂದು ತಂದ ಮರದ ಪೀಪಾಯಿಯಲ್ಲಿ ಕೂರಿಸಿದರು. ಪ್ರಾರ್ಥನೆಗೆ ಮುಂಚೆ ಹೆಣದ ಮುಂದೆ ಮನೆಯವರನ್ನು ಒಂದು ಮಾತು ಕೇಳುವುದು ಅವರಲ್ಲಿ ರೂಢಿ. ಎಲ್ಲರೂ ‘ಇಲ್ಲ’ ಎನ್ನುವುದೂ ರೂಢಿಯೇ.

“ತಂಗೀ, ನಿನ್ನ ಗಂಡ ಆ ಗುಡಿಯವರಿಂದ ಏನಾದ್ರೂ ತಗೊಂಡಿದ್ನಾ? ಅವರಿಗೆ ಏನಾದ್ರೂ ಕೊಟ್ಟಿದ್ನಾ?”

ಒರಿಕುವಿಗೆ ತಲೆಬುಡ ತಿಳಿಯಲಿಲ್ಲ. ಬದುಕಿರುವವರಿಗೂ ವರ್ಷ ವರ್ಷ ಗುರುಗಳು ಬರೆಯುವ ‘ನಿಷೇಧಿತ ಪಂಥದವನಲ್ಲ’ ಎಂಬ ಆ ಒಂದು ಸಾಲಿಗಾಗಿ, ಮನೆ ಉಳಿಯಲೆಂದು ಹೋಗಿದ್ದನೇ? ಹಾಗಿದ್ದರೆ ತನಗೊಂದು ಮಾತು ಹೇಳಬಾರದಿತ್ತೇ? ಇಲ್ಲ, ಸುಮ್ಮನೆ ಆ ಮನುಷ್ಯನ ಜೊತೆ ಕೂರುವುದು ಹಿತವಾಗಿತ್ತೇ? ಬೆಳಗ್ಗೆ ಎದ್ದು ತನ್ನ ಪಕ್ಕ ಕುಳಿತು ಪ್ರಾರ್ಥಿಸುತ್ತಿದ್ದವನು ಯಾರು ಹಾಗಾದರೆ? ಹೆಣದ ಮೇಲೆ ಅವಳಿಗೆ ಸಿಟ್ಟು ಬಂತು, ಅಳುವೂ ಬಂತು. ‘ಇಲ್ಲ’ ಎಂದರೆ ದಾರಿ ತೆರೆಯುತ್ತಿತ್ತು. ಆದರೆ ಆ ದಾರಿಯಲ್ಲಿ ಹೋಗುವವನು ತನಗೆ ಗೊತ್ತಿದ್ದ ಮೊಹೇಯಿ ಮಾತ್ರ. ಮೂಲಂಗಿ ತಿಂದವನು ಇಲ್ಲೇ ಉಳಿದುಬಿಡುತ್ತಾನೆ ಎನ್ನಿಸಿತು.

“ಇವರು ಗುರುಗಳಿಗೆ ಗಂಜಿ ಕೊಟ್ಟಿದ್ರಂತೆ. ಅವರ ಮನೇಲಿ ಊಟಾನೂ ಮಾಡಿದ್ರಂತೆ.”

ತೋಕುಜಿ ಕೈಯಲ್ಲಿದ್ದ ಜಪಮಣಿಯನ್ನು ಮಡಚಿ ಒಳಗಿಟ್ಟುಕೊಂಡ. “ಯಾಕೆ ಹೇಳಿದೆ ತಂಗೀ?”

“ಗೊತ್ತಿಲ್ಲ ಅಣ್ಣ.”

ಐವರೂ ಪ್ರಾರ್ಥನೆ ಹೇಳದೆಯೇ ಹಿತ್ತಲ ಬಾಗಿಲಿನಿಂದ ಹೊರಟುಹೋದರು. ಹೆಣ ಹೊರಬೇಕಾದವರೂ ಅವರೇ ಆಗಿದ್ದರು.

ಗುರುಗಳು ಒಳಗೆ ಇಣುಕಿ ಖಾಲಿ ಕೋಣೆ ನೋಡಿದರು. ನಿಲುವಂಗಿಯನ್ನು ಮೇಲೆತ್ತಿ ಸಿಕ್ಕಿಸಿ, ಪೀಪಾಯಿಗೆ ಕಟ್ಟಿದ್ದ ಬೊಂಬಿನ ಹಿಂದಿನ ತುದಿಗೆ ಹೆಗಲು ಕೊಟ್ಟರು. ಮುಂದಿನ ತುದಿಗೆ ಒರಿಕು ಹೆಗಲು ಕೊಟ್ಟಳು.

ಗುರುಗಳು ಉದ್ದ, ಅವಳು ಗಿಡ್ಡ. ಗದ್ದೆಯ ಬದುವಿನಲ್ಲಿ ಪೀಪಾಯಿ ಜಾರುತ್ತಾ ಬಂದು ಅವಳ ಬೆನ್ನಿಗೆ ಒರಗಿತು. ಹೆಜ್ಜೆಗೊಮ್ಮೆ ಒಳಗಿನಿಂದ ಅವನ ಮಂಡಿ ಹಲಗೆಗೆ ಬಡಿಯುತ್ತಿತ್ತು. ಯಾವ ಪ್ರಾರ್ಥನೆ ಹೇಳಬೇಕೆಂದು ತೋಚದೆ ಅವಳು ಒಂದು ಕೈ ಹಿಂದಕ್ಕೆ ಚಾಚಿ ಪೀಪಾಯಿಯನ್ನು ಅವುಚಿ ಹಿಡಿದಳು.

“ನೆಟ್ಟಗೆ ಕೂತ್ಕೊಳ್ಳಿ,” ಎಂದಳು.