ಬೀಗರ ಎರಡು ಕಾರು

ಅಪ್ಪನ ಹತ್ತಿರ ಹಳೆಯ ಮೊಸ್ಕ್ವಿಚ್ ಕಾರಿತ್ತು, ಮಾವನ ಹತ್ತಿರ ವೋಲ್ಗಾ. ಎರಡೂ ನನಗಿಂತ ವಯಸ್ಸಿನಲ್ಲಿ ದೊಡ್ಡವು. ನನ್ನ ಮದುವೆಯಾದಾಗಿನಿಂದ ಈ ಬೀಗರಿಬ್ಬರು ಚಹಾಕ್ಕೆ ಕೂತರೆ ಬೇರೆ ಮಾತೇ ಇರಲಿಲ್ಲ.

"ಎರಡಕ್ಕೂ ಎಪ್ಪತ್ತೈದೇ ಕುದುರೆ ಶಕ್ತಿ ಬೀಗರೇ," ಎನ್ನುವರು ಅಪ್ಪ. "ಆದ್ರೆ ನಿಮ್ಮದು ಒಂದೂವರೆ ಟನ್ ಹೊತ್ಕೊಂಡು ಏಳ್ಬೇಕು, ನಂದು ಒಂದೇ ಟನ್. ನೀವು ನೂರರ ವೇಗ ಮುಟ್ಟೋ ಹೊತ್ತಿಗೆ ನಾನು ಇನ್ನೊಂದು ಬಟ್ಟಲು ಚಹಾ ಕುಡೀತೀನಿ."

ಮಾವ ಸೂರೊನ್‌ಕುಲ್ ಸಾವಕಾಶವಾಗಿ ರೊಟ್ಟಿ ಮುರಿಯುವರು. "ಓಡೋಕೆ ಮೊಲಾನೂ ಓಡುತ್ತೆ. ಅದರ ಮೇಲೆ ಯಾರಾದ್ರೂ ಸವಾರಿ ಮಾಡ್ತಾರಾ? ನಂದು ಎರಡೂವರೆ ಲೀಟರ್ ಇಂಜಿನ್. ಗುಂಡಿಗೆ ಇಳಿದ್ರೂ ಒಳಗೆ ಕೂತವರಿಗೆ ಗೊತ್ತಾಗಲ್ಲ."

ನನಗೆ ಹೆರಿಗೆ ನೋವು ಶುರುವಾದ ದಿನ ಗಂಡ ಕುರಿಗಳ ಜೊತೆ ಬೆಟ್ಟದ ಹುಲ್ಲುಗಾವಲಿನಲ್ಲಿದ್ದ. ನಾರಿನ್ ಪಟ್ಟಣದ ಆಸ್ಪತ್ರೆಗೆ ಹೋಗಲು ಒಂದು ಘಾಟಿ ದಾಟಬೇಕು. ಅಂಗಳದಲ್ಲಿ ಎರಡೂ ಕಾರು ಗುರುಗುಟ್ಟುತ್ತಿದ್ದವು. ಬೀಗರಿಬ್ಬರೂ ತಂತಮ್ಮ ಬಾಗಿಲು ತೆರೆದು ನಿಂತು ಮತ್ತೆ ವಾದಕ್ಕಿಳಿದರು.

"ಬಾಯಿ ಮುಚ್ಚಿ ಇಬ್ಬರೂ," ಎಂದರು ಅತ್ತೆ ಊಲ್ಕಾನ್. "ಹೆರೋದು ಅವಳು. ಅವಳೇ ಹೇಳ್ಲಿ."

"ನನಗೆ ಮಲಗ್ಬೇಕು," ಎಂದು ನಾನು ವೋಲ್ಗಾದ ಅಗಲವಾದ ಹಿಂದಿನ ಸೀಟು ಹತ್ತಿದೆ. ಅಪ್ಪನ ಮುಖ ಸಪ್ಪೆಯಾಯಿತು. ಅತ್ತೆ ಅದನ್ನು ನೋಡಿ, "ನಿಮ್ಮ ಗಾಡಿ ಅಷ್ಟು ಚುರುಕಾಗಿದ್ರೆ ಮುಂದೆ ಹೋಗಿ ಘಾಟಿ ಆಚೆಯಿಂದ ಸೂಲಗಿತ್ತೀನ ಕರ್ಕೊಂಡು ಬನ್ನಿ," ಎಂದರು. ಮಾತು ಮುಗಿಯುವ ಮೊದಲೇ ಮೊಸ್ಕ್ವಿಚ್ ಧೂಳೆಬ್ಬಿಸಿ ಹೋಗಿತ್ತು.

ಅತ್ತೆ ಮಾವನ ಪಕ್ಕ ಮುಂದಿನ ಸೀಟಿನಲ್ಲಿ ಕೂತರು. ವೋಲ್ಗಾ ತೊಟ್ಟಿಲಂತೆ ತೂಗುತ್ತ ಏರು ಹತ್ತಿತು. ನಿಧಾನ ಎಂದರೆ ನಿಧಾನ. ದಾರಿಬದಿಯ ಕುದುರೆಗಳು ನಮ್ಮ ಜೊತೆಗೇ ಹೆಜ್ಜೆ ಹಾಕುತ್ತಿದ್ದವು. ಘಾಟಿಯ ನೆತ್ತಿಯಲ್ಲಿ ನಾನು ಕಿರುಚಿದೆ. ಮಾವ ಕಾರು ನಿಲ್ಲಿಸಿದರು. ಅಷ್ಟರಲ್ಲಿ ಆ ಕಡೆಯ ತಿರುವುಗಳಲ್ಲಿ ಮೊಸ್ಕ್ವಿಚ್ ಮೇಲೇರಿ ಬರುವುದು ಕಂಡಿತು. ಸೂಲಗಿತ್ತಿ ರೈಹಾನ್ ತಲೆವಸ್ತ್ರ ಸರಿಮಾಡಿಕೊಳ್ಳುತ್ತ ಇಳಿದು, ಗಂಡಸರನ್ನು ದೂರ ಕಳಿಸಿದಳು.

ಅಲ್ಲೇ, ವೋಲ್ಗಾದ ಸೀಟಿನ ಮೇಲೆ, ಮಗಳು ಹುಟ್ಟಿದಳು.

ಅಳು ಕೇಳಿದಾಗ ಬೀಗರಿಬ್ಬರೂ ಒಂದೇ ಬಂಡೆಯ ಮೇಲೆ ಕೂತಿದ್ದರು. ಮಾವನಿಗೆ ಕಡ್ಡಿ ಗೀರಲಾಗದೆ ಅಪ್ಪನೇ ಅವರ ಸಿಗರೇಟು ಹೊತ್ತಿಸಿದರು.

"ನೀವು ಹೊತ್ತಿಗೆ ಬರದೇ ಇದ್ದಿದ್ರೆ..." ಎಂದರು ಮಾವ.

"ಅವಳು ನನ್ನ ಗಾಡೀಲಿದ್ದಿದ್ರೆ ಕುಲುಕಾಟಕ್ಕೆ ಮೊದಲ ತಿರುವಲ್ಲೇ ಹೆತ್ತಿರ್ತಿದ್ದಳು," ಎಂದರು ಅಪ್ಪ.

ಆಸ್ಪತ್ರೆಗೆ ಹೊರಡುವಾಗ ರೈಹಾನ್ ಕೂಡ ವೋಲ್ಗಾ ಹತ್ತಿದಳು. "ಬರೋವಾಗ ಚಾವಣಿಗೆ ಹೊಡ್ಕೊಂಡ ತಲೆ ಇನ್ನೂ ನೋಯ್ತಿದೆ," ಎಂದಳು. ಇಳಿಜಾರಿನುದ್ದಕ್ಕೂ ಮೊಸ್ಕ್ವಿಚ್ ನಮ್ಮ ಹಿಂದೆಯೇ ಬಂತು. ರಸ್ತೆ ಎಷ್ಟೇ ಖಾಲಿ ಇದ್ದರೂ ಮುಂದೆ ಹೋಗಲಿಲ್ಲ.

ಮಾವ ಕನ್ನಡಿ ನೋಡಿ, "ಬೀಗರ ಗಾಡಿಗೆ ಏನಾಯ್ತೋ, ಇಷ್ಟು ನಿಧಾನ," ಎಂದರು.

"ಗಾಡಿಗೇನೂ ಆಗಿಲ್ಲ," ಎಂದರು ಅತ್ತೆ, ಮಗುವಿನ ಹೊದಿಕೆ ಸರಿಮಾಡುತ್ತ. "ಅವರು ಅಜ್ಜ ಆಗಿದ್ದಾರೆ."